ಗೇರ್‌ಬಾಕ್ಸ್ ಮೌಂಟಿಂಗ್ ಮನೆಯಲ್ಲೇ ಬದಲಾಯಿಸುವವರಿಗೆ

ರಿವರ್ಸ್‌ನಿಂದ ಫಸ್ಟ್‌ಗೆ ಹಾಕಿ ಕ್ಲಚ್ ಬಿಟ್ಟಾಗ ಕೆಳಗಿಂದ 'ಟಕ್' ಅಂತ ಶಬ್ದ ಬರುತ್ತಿದೆಯಾ? ಗೇರ್ ಲಿವರ್ ಕೂಡ ಅದುರುತ್ತಿದ್ದರೆ ಮೊದಲು ಮೌಂಟಿಂಗ್, ಅಂದರೆ ಗೇರ್‌ಬಾಕ್ಸನ್ನು ಕಾರಿನ ಬಾಡಿಗೆ ಹಿಡಿದಿಡುವ ಕಬ್ಬಿಣ-ರಬ್ಬರ್ ತುಂಡಿನ ರಬ್ಬರ್ ನೋಡಿ. ನನ್ನ ಕಾರಿನಲ್ಲಿ ಅದು ಬ್ಯಾಟರಿ ಟ್ರೇ ಕೆಳಗೇ ಇತ್ತು. ಟಾರ್ಚ್ ಹಾಕಿ ನೋಡಿದರೆ ರಬ್ಬರ್ ಕಬ್ಬಿಣ ಬಿಟ್ಟು ಬಾಯಿ ತೆರೆದಿತ್ತು.

ಕಾರು ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಗೇರ್‌ಬಾಕ್ಸ್ ಕೆಳಗೆ ಜಾಕ್ ಕೊಡುವಾಗ ಮಧ್ಯೆ ದಪ್ಪ ಮರದ ಹಲಗೆ ಇಡಲೇಬೇಕು. ಗೇರ್‌ಬಾಕ್ಸ್‌ನ ಹೊರಭಾಗ ಸಾಮಾನ್ಯವಾಗಿ ಅಲ್ಯೂಮಿನಿಯಂ, ನೇರ ಒತ್ತಿದರೆ ಸೀಳಬಹುದು. ಭಾರ ಹೊರುವಷ್ಟು ಮಾತ್ರ ಎತ್ತಿ, ಜಾಸ್ತಿ ಬೇಡ. ದಯವಿಟ್ಟು ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಕಾರನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸವೇ ಬೇಡ.

ಹಳೇ ಮೌಂಟಿಂಗ್ ಬಿಚ್ಚಿ ತೆಗೆದು, ಹೊಸದನ್ನು ಕೂರಿಸಿ ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ತಿರುಗಿಸಿ. ತೂತು ಸರಿಯಾಗಿ ಕೂಡದಿದ್ದರೆ ಸುಮ್ನೆ ಬಲ ಹಾಕಬೇಡಿ, ಜಾಕ್ ಒಂದಿಷ್ಟು ಏರಿಸಿ ಇಳಿಸಿ, ತಾನಾಗೇ ಸಿಗುತ್ತದೆ. ಜಾಕ್ ಇಳಿಸಿದ ಮೇಲೆ ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ (ಬೋಲ್ಟ್ ಎಷ್ಟು ಬಿಗಿ ಇರಬೇಕು ಅನ್ನೋ ಅಳತೆ) ಬಿಗಿ ಮಾಡಿ.

ಹಳೇ ರಬ್ಬರ್ ಮೆತ್ತಗೆ, ಜಿಡ್ಡಾಗಿ ಇದ್ದರೆ ಮೇಲಿಂದ ಆಯಿಲ್ ಸೋರುತ್ತಿರಬಹುದು. ಮೊದಲು ಅದನ್ನು ನಿಲ್ಲಿಸಿ, ಇಲ್ಲಾಂದ್ರೆ ಹೊಸದೂ ಬೇಗ ಹೋಗುತ್ತದೆ.