ಸಮನ್ಸ್ ಬಂದಾಗ ಬಾಗ್ಲು ಹಾಕ್ಕೋಬೇಡ್ರಿ

ಚನ್ನಗಿರಿ ಕಡೆ ಇರೋ ನಮ್ಮ ದೊಡ್ಡಪ್ಪಂಗೆ ಕೈಸಾಲದ ದಾವೆ ಬಿದ್ದಿತ್ತು, ಕೋರ್ಟಿನ ಅಮೀನ ಸಮನ್ಸ್ (ಕೋರ್ಟಿಗೆ ಬನ್ನಿ ಅನ್ನೋ ಕಾಗದ) ತಂದಾಗ "ನಾ ತಗೊಂಡ್ರೆ ತಾನೇ ಕೇಸು" ಅಂತ ವಾಪಸ್ ಕಳ್ಸಿದ್ರು, ಆತ ಪಕ್ಕದ ಮನೆಯವ್ರ ಎದುರಿಗೇ ಅದನ್ನ ಬಾಗ್ಲಿಗೆ ಅಂಟಿಸಿ ಹೋದ. ದೊಡ್ಡಪ್ಪ ಅರ್ಧ ಸಾಲ ತೀರಿಸಿದ್ರು ಕಣ್ರಿ, ಆ ಚೀಟಿ ಟ್ರಂಕಲ್ಲೇ ಇತ್ತು, ಆದ್ರೆ ಜಡ್ಜ್ ಕಣ್ಣಿಗೆ ಬೀಳ್ಲೇ ಇಲ್ಲ, ಪೂರ್ತಿ ದುಡ್ಡಿಗೆ ಎಕ್ಸ್‌ಪಾರ್ಟಿ ಡಿಕ್ರಿ ಆಯ್ತು, ಅಂದ್ರೆ ಇವ್ರು ಹಾಜರಾಗದೇ ಇದ್ದಾಗ ಇವ್ರ ಮಾತು ಕೇಳ್ದೇನೇ ತೀರ್ಪಾಯ್ತು.

ಅದಕ್ಕೇ ಮೊದ್ಲು ಸಮನ್ಸ್ ತಗೊಳ್ರಿ. ಸಹಿ ಹಾಕಿದ್ರೆ ತಪ್ಪು ಒಪ್ಕೊಂಡಂಗಲ್ಲ, ಕಾಗದ ಕೈಗೆ ಸಿಕ್ತು ಅಂತ ಅಷ್ಟೆ. ಬೇಡ ಅಂದ್ರೆ ಬಾಗ್ಲಿಗೆ ಅಂಟಿಸೋಕೆ ಸಿವಿಲ್ ಕೇಸು ನಡೆಸೋ ಕಾನೂನು ಸಿಪಿಸಿಯ ಆರ್ಡರ್ 5ರಲ್ಲೇ ದಾರಿ ಇದೆ. ಜೊತೆಗೆ ದಾವೆ ಪ್ರತಿ ಇದೆಯಾ ನೋಡ್ಕೊಳ್ರಿ, ಯಾರು ಏನು ಹೇಳಿದಾರೆ ಅಂತ ಗೊತ್ತಿಲ್ದೆ ಉತ್ತರ ಕೊಡೋದಾದ್ರೂ ಹೆಂಗೆ?

ಸಮನ್ಸ್ ಸಿಕ್ಕ ತಾರೀಕು ಅದರ ಮೇಲೇ ಬರ್ಕೊಳ್ರಿ. ತಕರಾರು, ಅಂದ್ರೆ ದಾವೆಗೆ ಬರವಣಿಗೇಲಿ ಉತ್ತರ, ಸಲ್ಲಿಸೋಕೆ ಆ ತಾರೀಕಿಂದ 30 ದಿನ, ಸರಿಯಾದ ಕಾರಣ ಇದ್ರೆ ಕೋರ್ಟು 90 ದಿನದವರೆಗೂ ಬಿಡಬಹುದು. ರಸೀದಿ, ಚೀಟಿ, ಬ್ಯಾಂಕ್ ಪಾಸ್‌ಬುಕ್ ಏನಿದ್ರೂ ವಕೀಲರ ಮುಂದಿಡ್ರಿ. ವಕೀಲರಿಗೆ ದುಡ್ಡಿಲ್ವಾ? ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಯವ್ರಿಗೆ, ಅಂಗವಿಕಲರಿಗೆ ಆದಾಯ ನೋಡ್ದೆ ಪುಕ್ಕಟೆ ವಕೀಲರನ್ನ ಕೊಡ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದ್ರೂ ಆಗುತ್ತೆ.

ವಾದಿ ಹೇಳೋದು ಸತ್ಯಾನೇ ಅಂತ ಜಡ್ಜ್‌ಗೆ ಅನ್ಸಿದ್ರೂ ನಮ್ಮನ್ನ ಯಾಕೆ ಕೇಳ್ಬೇಕು ಅಂತ ನಾನೂ ಯೋಚ್ನೆ ಮಾಡಿದೀನಿ. ಟ್ರಂಕಲ್ಲಿರೋ ಚೀಟಿ ಹೊರಗೆ ಬರೋದು ಕೇಳಿದಾಗ್ಲೇ, ಅದು ಒಂದು ಕಾರಣ. ನನ್ನ ಪ್ರಕಾರ ಇನ್ನೂ ದೊಡ್ಡದು ಅಂದ್ರೆ, ಸೋತು ಮನೆಗೆ ಹೋಗೋನಿಗೂ ನನ್ನ ಮಾತು ಕೇಳಿದ್ರು ಅನ್ನೋದು ಇರ್ಬೇಕು, ಅವನೂ ಮನುಷ್ಯ ಅಂತ ಲೆಕ್ಕಕ್ಕೆ ತಗೊಂಡಂಗೆ ಅದು. 1978ರಲ್ಲಿ, ಅಹವಾಲು ಕೇಳ್ದೇನೇ ಸರ್ಕಾರ ಕಿತ್ಕೊಂಡಿದ್ದ ಮೇನಕಾ ಗಾಂಧಿ ಪಾಸ್‌ಪೋರ್ಟ್ ಕೇಸಲ್ಲಿ ಸುಪ್ರೀಂ ಕೋರ್ಟ್, ಕಾನೂನು ಹಾಕಿಕೊಟ್ಟ ವಿಧಾನ ಇದ್ರೆ ಸಾಲ್ದು, ಆ ವಿಧಾನವೇ ನ್ಯಾಯವಾಗಿರ್ಬೇಕು ಅಂದಿದ್ದೂ ಇದಕ್ಕೇ.

ಎಕ್ಸ್‌ಪಾರ್ಟಿ ಆಗೇಬಿಟ್ಟಿದ್ರೆ ಸಿಪಿಸಿ ಆರ್ಡರ್ 9 ರೂಲ್ 13ರಲ್ಲಿ ಡಿಕ್ರಿ ರದ್ದು ಮಾಡ್ರಿ ಅಂತ ಅರ್ಜಿ ಹಾಕ್ರಿ, ಡಿಕ್ರಿ ಆದ 30 ದಿನದೊಳಗೆ. ಸಮನ್ಸ್ ಸರಿಯಾಗಿ ಜಾರಿನೇ ಆಗಿಲ್ಲಾಂದ್ರೆ ಡಿಕ್ರಿ ವಿಷ್ಯ ಗೊತ್ತಾದ ದಿನದಿಂದ ಲೆಕ್ಕ. ದೊಡ್ಡಪ್ಪ ಹಂಗನ್ನಂಗಿಲ್ಲ, ಅವ್ರು ಬೇಡ ಅಂದಿದ್ದನ್ನ ಅಮೀನ ವರದಿಲಿ ಬರೆದಿದಾನೆ, ಅದಕ್ಕೆ ತಡ ಮನ್ನಿಸ್ರಿ ಅಂತ ಬೇರೆ ಅರ್ಜಿನೂ ಹಾಕಿದೀವಿ. ಮುಂದಿನ ವಾಯ್ದೆಗೆ ಚೀಟಿ ಇಟ್ಕೊಂಡು ನಾನೂ ಅವ್ರ ಜೊತೆ ಹೋಗ್ತಿದೀನಿ.