ಕೆಂಪಿಯ ಏಳು ಗುರುವಾರಗಳು

ಹಜಾರದಲ್ಲಿ ಅಲ್ಲಲ್ಲಿ ರಕ್ತದ ಹನಿ ಕಂಡಾಗ ಅಮ್ಮ "ಬೆದೆಗೆ ಬಂದಿರಬೇಕು ಬಿಡೇ" ಅಂದರು. ನಾನೂ ಹಾಗೇ ಅಂದುಕೊಂಡೆ. ಆದರೆ ಬೆದೆ ಎರಡು-ಮೂರು ವಾರದಲ್ಲಿ ಮುಗಿಯಬೇಕು. ನಮ್ಮ ನಾಯಿ ಕೆಂಪಿಗೆ ಎರಡು ತಿಂಗಳಾದರೂ ನಿಲ್ಲಲಿಲ್ಲ. ಮೊದಲು ತೋರಿಸಿದ ಕಡೆ ಸೋಂಕು ಅಂತ ಮಾತ್ರೆ ಬರೆದುಕೊಟ್ಟರು. ಬಾಲ ಎತ್ತಿ ಸರಿಯಾಗಿ ನೋಡಲೂ ಇಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಎರಡನೇ ಡಾಕ್ಟರ್ ಗ್ಲೌಸ್ ಹಾಕಿ ಪರೀಕ್ಷೆ ಮಾಡಿದರು. ಯೋನಿಯ ಒಳಗೆ ಹೂಕೋಸಿನ ತುಂಡಿನ ಹಾಗೆ ಒಂದು ಗಡ್ಡೆ. ಅದಕ್ಕೆ ಗಾಜಿನ ಸ್ಲೈಡ್ ಒತ್ತಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ದುಂಡು ದುಂಡು ಜೀವಕೋಶ, ಅದರೊಳಗೆ ಮಣಿ ಪೋಣಿಸಿದ ಹಾಗೆ ಸಣ್ಣ ಗುಳ್ಳೆಗಳು. "ಟಿವಿಟಿ, ಅಂದ್ರೆ ನಾಯಿಯಿಂದ ನಾಯಿಗೆ ಹರಡೋ ಒಂದು ಥರದ ಕ್ಯಾನ್ಸರ್. ಬೀದಿನಾಯಿಗಳಲ್ಲಿ ಜಾಸ್ತಿ ನೋಡ್ತೀವಿ" ಅಂದರು. ಕೆಂಪಿ ಬೀದಿಯಿಂದಲೇ ಬಂದವಳು. ಕೂಡುವಾಗ, ಮೂಸುವಾಗ, ನೆಕ್ಕುವಾಗ ಗಡ್ಡೆಯ ಜೀವಕೋಶವೇ ಒಂದು ನಾಯಿಯಿಂದ ಇನ್ನೊಂದಕ್ಕೆ ಹೋಗಿ ಬೇರು ಬಿಡುತ್ತದಂತೆ. ಸಾವಿರಾರು ವರ್ಷದ ಹಿಂದೆ ಯಾವುದೋ ಒಂದು ನಾಯಿಯಲ್ಲಿ ಹುಟ್ಟಿದ ಗಡ್ಡೆ ಇವತ್ತಿಗೂ ಹೀಗೇ ದಾಟುತ್ತಾ ಬಂದಿದೆ. ಮನುಷ್ಯರಿಗೆ ಬರುವುದಿಲ್ಲ.

"ಕೀಮೋ ಕೊಡಬೇಕು" ಅಂದಾಗ ನನಗೆ ನೆನಪಾಗಿದ್ದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡಿದ ದೊಡ್ಡಮ್ಮ. ಬೋಳು ತಲೆ, ವಾಂತಿ, ಬಾಯಿಹುಣ್ಣು. ಡಾಕ್ಟರ್ ಅದಕ್ಕೆ ಸಮಾಧಾನವಾಗಿ ಉತ್ತರ ಕೊಟ್ಟರು. ನಾಯಿ ಚೆನ್ನಾಗಿ ತಿಂದುಕೊಂಡು ಓಡಾಡಿಕೊಂಡಿರಲಿ ಅನ್ನೋದು ಮುಖ್ಯ, ಅದಕ್ಕೇ ಡೋಸ್ ಹಗುರವಾಗಿರುತ್ತೆ ಅಂದರು. ಪೂಡಲ್ ಥರ ಕೂದಲು ಬೆಳೆಯುತ್ತಲೇ ಇರುವ ತಳಿ ಬಿಟ್ಟರೆ ಸಾಮಾನ್ಯವಾಗಿ ಕೂದಲೂ ಉದುರಲ್ವಂತೆ. ಕೆಂಪಿಗೆ ಮೀಸೆಯ ನಾಲ್ಕಾರು ಎಳೆ ಹೋಯಿತು, ಅಷ್ಟೇ.

ಔಷಧಿಯ ಹೆಸರು ವಿನ್‌ಕ್ರಿಸ್ಟಿನ್. ನಿತ್ಯಪುಷ್ಪದ ಗಿಡದಿಂದ ತೆಗೆಯುತ್ತಾರೆ. ನಮ್ಮ ಅಂಗಳದಲ್ಲೇ ಇದೆ ಆ ಗಿಡ, ಅಮ್ಮ ದಿನಾ ದೇವರಿಗೆ ಹೂ ಬಿಡಿಸುತ್ತಾರೆ. "ಹಾಗಾದ್ರೆ ಎಲೆ ಅರೆದು ಕುಡಿಸಿದ್ರೆ ಆಗಲ್ವಾ?" ಅಂತ ಕೇಳಿಯೇಬಿಟ್ಟರು. ಡಾಕ್ಟರ್ ನಗಲಿಲ್ಲ. "ಅಮ್ಮಾ, ಎಲೆ ವಿಷ. ಅದನ್ನ ಮಾತ್ರ ಮಾಡ್ಬೇಡಿ" ಅಂದರು.

ಪ್ರತಿ ಗುರುವಾರ ಮೊದಲು ತೂಕ, ಆಮೇಲೆ ರಕ್ತಪರೀಕ್ಷೆ. ಬಿಳಿ ರಕ್ತಕಣ 4,000ಕ್ಕಿಂತ ಕೆಳಗಿದ್ದರೆ ಆ ವಾರ ಇಂಜೆಕ್ಷನ್ ಇಲ್ಲ ಅಂತ ಮೊದಲೇ ಹೇಳಿದ್ದರು. 16 ಕೆಜಿ ಕೆಂಪಿಗೆ ಔಷಧಿ ಅರ್ಧ ಎಂ.ಎಲ್. ಕೂಡ ಇರಲಿಲ್ಲ. ಸಲೈನ್‌ನಲ್ಲಿ ಬೆರೆಸಿ ನಿಧಾನಕ್ಕೆ ಬಿಡುತ್ತಿದ್ದರು. ಕೊಡುವುದು ಒಂದೆರಡು ನಿಮಿಷದ ಕೆಲಸ. ಅದಕ್ಕೆ ಮೊದಲು ಸೂಜಿ ಹಾಕುವುದಕ್ಕೇ ಅರ್ಧ ಗಂಟೆ. ಈ ಔಷಧಿ ರಕ್ತನಾಳದ ಹೊರಗೆ ಸೋರಿದರೆ ಅಲ್ಲಿನ ಚರ್ಮ, ಮಾಂಸ ಕೊಳೆಯುತ್ತದೆ. ಎರಡನೇ ವಾರ ಬಲಗಾಲಿನಲ್ಲಿ ಮೊದಲ ಚುಚ್ಚು ತಪ್ಪಿತು. ಡಾಕ್ಟರ್ ಆ ಕಾಲನ್ನು ಮತ್ತೆ ಮುಟ್ಟಲೇ ಇಲ್ಲ. ಎಡಗಾಲಿನ ಕೂದಲು ಬೋಳಿಸಿ, ರಕ್ತನಾಳದೊಳಗೆ ಹೊಸ ಕ್ಯಾನುಲಾ (ಸಣ್ಣ ಕೊಳವೆ) ಹಾಕಿ, ಬರೀ ಸಲೈನ್ ಬಿಟ್ಟು ಊದುತ್ತದಾ ಅಂತ ನೋಡಿ, ಆಮೇಲೆ ಔಷಧಿ ಬಿಟ್ಟರು. ಕೊನೆಗೆ ಮತ್ತೆ ಸಲೈನ್. ನಿಮ್ಮ ನಾಯಿಗೆ ಯಾರಾದರೂ ಅವಸರದಲ್ಲಿ ಸೀದಾ ಸಿರಿಂಜಿನಿಂದಲೇ ಕೊಡಲು ಹೊರಟರೆ ಬೇಡ ಅನ್ನಿ. ಕೈ ಹಿಡಿದು ತಡೆದರೂ ತಪ್ಪಿಲ್ಲ. ಕೋಲಿ (Collie) ತಳಿಯ ನಾಯಿಯಾದರೆ ಅದನ್ನು ಮೊದಲೇ ಡಾಕ್ಟರಿಗೆ ಹೇಳಿ. ಅವುಗಳಲ್ಲಿ ಕೆಲವಕ್ಕೆ ಈ ಔಷಧಿ ವಿಪರೀತ ಏರುತ್ತದೆ.

ಇಂಜೆಕ್ಷನ್ ದಿನ ಕೆಂಪಿ ಮಾಮೂಲಿನಂತೆ ಇರುತ್ತಿದ್ದಳು. ಎರಡನೇ, ಮೂರನೇ ದಿನ ಊಟ ಬೇಡ. ಅನ್ನ-ಮೊಸರು ಮೂಸಿ ತಿರುಗಿ ಮಲಗುತ್ತಿದ್ದಳು. ಉಪ್ಪು, ಖಾರ, ಈರುಳ್ಳಿ ಏನೂ ಹಾಕದೆ ಕೋಳಿ ಬೇಯಿಸಿದ ನೀರಲ್ಲಿ ರಾಗಿ ಅಂಬಲಿ ಮಾಡಿ, ಬೆಚ್ಚಗೆ ಅಂಗೈಯಲ್ಲಿಟ್ಟರೆ ನೆಕ್ಕುತ್ತಿದ್ದಳು. ನಾನು ಭೇದಿ ಆಗಬಹುದು ಅಂತ ಕಾಯುತ್ತಿದ್ದೆ, ಆಗಿದ್ದು ಮಲಬದ್ಧತೆ. ಈ ಔಷಧಿಗೆ ಕರುಳು ಮಂಕಾಗುತ್ತದಂತೆ. ಬೇಯಿಸಿದ ಸಿಹಿಗುಂಬಳ ಎರಡು ಚಮಚ ಸೇರಿಸಿದ್ದು ಕೆಲಸ ಮಾಡಿತು.

ನಿಜವಾದ ಭಯ ಬಂದಿದ್ದು ಎರಡನೇ ಡೋಸ್ ಆದ ಆರನೇ ದಿನ. ಬೆಳಿಗ್ಗೆ ಕರೆದರೆ ಬಾಲ ಅಲ್ಲಾಡಿಸಲಿಲ್ಲ. ಥರ್ಮಾಮೀಟರ್ ಗುದದಲ್ಲಿಟ್ಟು ನೋಡಿದೆ: 104. ನಾಯಿಗೆ 101ರಿಂದ 102.5 ಮಾಮೂಲು. ಅಮ್ಮ ಪ್ಯಾರಸಿಟಮಾಲ್ ಹಿಡಿದು ನಿಂತಿದ್ದರು. ನಾನು ಕಸಿದುಕೊಂಡೆ, ಅದು ನಾಯಿಗಳಿಗೆ ಅಪಾಯ. ಆಸ್ಪತ್ರೆಗೆ ಹೋದರೆ ಬಿಳಿ ರಕ್ತಕಣ 2,800. ಡ್ರಿಪ್, ಆಂಟಿಬಯಾಟಿಕ್, ಎರಡು ರಾತ್ರಿ ನಿದ್ದೆ ಇಲ್ಲ. ಮರುದಿನದ ಡೋಸ್ ಮುಂದಿನ ಗುರುವಾರಕ್ಕೆ ಹೋಯಿತು, ಅಳತೆಯನ್ನೂ ಸ್ವಲ್ಪ ಇಳಿಸಿದರು. ಆಮೇಲೆ ಪ್ರತಿ ಡೋಸ್ ಆದ ನಾಲ್ಕನೇ ದಿನದಿಂದ ಬೆಳಿಗ್ಗೆ-ಸಂಜೆ ಜ್ವರ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಮೊದಲಿನಿಂದಲೇ ಹಾಗೆ ಮಾಡಬೇಕಿತ್ತು.

ಮನೆಯಲ್ಲಿ ಇನ್ನೊಂದು ತಲೆನೋವಿತ್ತು. ತಂಗಿ ಹೆರಿಗೆಗೆ ಬಂದಿದ್ದಳು. ಔಷಧಿಯ ಅಂಶ ಕೆಲವು ದಿನ ಉಚ್ಚೆ, ಮಲದಲ್ಲಿ ಹೋಗುತ್ತಿರುತ್ತದೆ, ಬಸುರಿಯರು ಅದನ್ನು ಮುಟ್ಟಲೇಬಾರದು. ಪ್ರತಿ ಡೋಸ್ ಆದ ಮೇಲೆ ಮೂರು ದಿನ ಕೆಂಪಿಯ ವಾಸ ಹಿತ್ತಲಿನ ಶೆಡ್ಡಿನಲ್ಲಿ. ಗ್ಲೌಸ್ ಹಾಕಿ ಎತ್ತುವುದು, ಜಾಸ್ತಿ ನೀರು ಹಾಕಿ ತೊಳೆಯುವುದು, ಅವಳ ಹಾಸಿಗೆ ಬೇರೆ ಒಗೆಯುವುದು, ಎಲ್ಲಾ ನನ್ನ ಪಾಲು. ತಂಗಿ ಕಿಟಕಿಯಿಂದಲೇ ಮಾತಾಡಿಸುತ್ತಿದ್ದಳು.

ಎರಡನೇ ಡೋಸಿಗೇ ರಕ್ತ ನಿಂತಿತ್ತು. ನಾಲ್ಕನೆಯದಕ್ಕೆ ಗಡ್ಡೆ ಕಣ್ಣಿಗೆ ಕಾಣಲಿಲ್ಲ. "ಸಾಕಲ್ವಾ ಡಾಕ್ಟರ್?" ಅಂದೆ, ಖರ್ಚೂ ಇತ್ತಲ್ಲ. ಔಷಧಿಗಿಂತ ರಕ್ತಪರೀಕ್ಷೆಗೇ ಜಾಸ್ತಿ ಹೋಗುತ್ತಿತ್ತು. "ನಿಲ್ಲಿಸಿದವರು ನಾಲ್ಕು ತಿಂಗಳಿಗೆ ವಾಪಸ್ ಬರ್ತಾರೆ" ಅಂದರು. ಇನ್ನೆರಡು ಕೊಡಿಸಿದೆ. ಆರು ಡೋಸ್, ತಪ್ಪಿದ್ದೂ ಸೇರಿ ಏಳು ಗುರುವಾರ.

ರಕ್ತಕಣ ಚೇತರಿಸಿದ ಮೇಲೆ ಗರ್ಭಕೋಶ ತೆಗೆಸುವ ಆಪರೇಷನ್‌ಗೆ ದಿನ ಕೊಟ್ಟರು. ಅಷ್ಟರಲ್ಲಿ ಕೆಂಪಿ ಬುದ್ಧಿವಂತೆಯಾಗಿದ್ದಳು. ಆಸ್ಪತ್ರೆಯ ನೀಲಿ ಫೈಲ್ ಬೀರುವಿನಿಂದ ತೆಗೆದರೆ ಸಾಕು, ಮಂಚದ ಕೆಳಗೆ ಹೋಗಿ ಸೇರುತ್ತಿದ್ದಳು. ಅವತ್ತು ಫೈಲನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಹೊರಟೆ. ಆಸ್ಪತ್ರೆ ಗೇಟು ಬರುವವರೆಗೂ ಅವಳಿಗೆ ಗೊತ್ತಾಗಲಿಲ್ಲ.