ಹಳೇ ಬೀಟಲ್‌ನ ಆಕ್ಸಲ್ ಬೂಟ್ ನೀವೇ ಬದಲಾಯಿಸಿ

ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ನಿಲ್ಲಿಸಿದ ಜಾಗದಲ್ಲಿ ಎಣ್ಣೆ ಹನಿ ಕಂಡ್ರೆ ಎಲ್ರೂ ಮೊದಲು ಇಂಜಿನ್ ಮೇಲೇನೇ ಗೂಬೆ ಕೂರಿಸ್ತಾರೆ. ಬೆರಳಿಗೆ ತಗೊಂಡು ಒಂದ್ಸಲ ಮೂಸಿ ನೋಡಿ. ಗಂಧಕದ ಥರ ಘಾಟು ವಾಸನೆ, ಮಂದವಾದ ಎಣ್ಣೆ ಅಂದ್ರೆ ಅದು ಗೇರ್ ಆಯಿಲ್. ಈಗ ಹಿಂದಿನ ಚಕ್ರದ ಪಕ್ಕ ಬಗ್ಗಿ ಟಾರ್ಚ್ ಬಿಟ್ಟು ನೋಡಿ, ಗೇರ್‌ಬಾಕ್ಸ್‌ಗೂ ಆಕ್ಸಲ್ ಟ್ಯೂಬ್‌ಗೂ (ಚಕ್ರ ತಿರುಗಿಸೋ ಆಕ್ಸಲ್ ಒಳಗಿರೋ ಕೊಳವೆ) ನಡುವೆ ಮಡಿಕೆ ಮಡಿಕೆಯಾಗಿರೋ ರಬ್ಬರ್ ಬೂಟ್ ಇರತ್ತಲ್ಲ, ಅದರ ಮಡಿಕೆಯ ಸಂದಿಯಲ್ಲಿ ಬಿರುಕು ಬಿಟ್ಟು ಸುತ್ತ ಎಣ್ಣೆ ಮಣ್ಣು ಮೆತ್ಕೊಂಡಿದ್ರೆ ಕಳ್ಳ ಸಿಕ್ಕಿಬಿದ್ದ ಅಂತಲೇ ಲೆಕ್ಕ. ಎಣ್ಣೆ ಚಕ್ರದ ಕಡೆ, ಬ್ರೇಕ್ ಡ್ರಮ್ ಒಳಗೆ ಇದ್ರೆ ಅದು ಬೇರಿಂಗ್ ಸೀಲ್ ಕಥೆ, ಅದಕ್ಕೂ ಈ ಕೆಲಸಕ್ಕೂ ಸಂಬಂಧ ಇಲ್ಲ.

ಇದು ಸ್ವಿಂಗ್ ಆಕ್ಸಲ್ ಇರೋ ಬೀಟಲ್‌ಗಳಿಗೆ, 1967ರ ತನಕದ ಹಳೇ ಫೋಕ್ಸ್‌ವ್ಯಾಗನ್ ಬಸ್ಸಿಗೂ ಹೆಚ್ಚು ಕಮ್ಮಿ ಇದೇ ವಿಧಾನ. ಇವುಗಳಲ್ಲಿ ಚಕ್ರ ಗುಂಡಿಗೆ ಇಳಿದಾಗ ಇಡೀ ಆಕ್ಸಲ್ ಟ್ಯೂಬು ಗೇರ್‌ಬಾಕ್ಸ್ ಬುಡದಲ್ಲಿ ಮೇಲೆ ಕೆಳಗೆ ಆಡತ್ತೆ, ಒಳಗಡೆ ಗೇರ್ ಆಯಿಲ್ಲು ಟ್ಯೂಬ್ ತನಕ ಓಡಾಡತ್ತೆ. ಅಂದ್ರೆ ಬೂಟ್ ಬರೀ ಧೂಳು ತಡೆಯೋಕಲ್ಲ, ಎಣ್ಣೆ ಹಿಡ್ಕೊಂಡಿರೋದೇ ಅದು. ಹರಿದಿದ್ರೂ ನಡೆಯತ್ತೆ ಅಂತ ಓಡಿಸ್ತಾ ಹೋದ್ರೆ ಎಣ್ಣೆ ಖಾಲಿಯಾಗಿ ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಜೋಡಣೆ, ಅಂದ್ರೆ ಡಿಫರೆನ್ಷಿಯಲ್ಲೇ ಹೋಗತ್ತೆ.

ಕಂಪನಿಯಿಂದ ಬಂದಾಗ ಇರ್ತಿದ್ದಿದ್ದು ಒಂದೇ ತುಂಡಿನ ಬೂಟ್. ಅದನ್ನ ಮತ್ತೆ ಹಾಕ್ಬೇಕು ಅಂದ್ರೆ 36 ಎಂಎಂ ಆಕ್ಸಲ್ ನಟ್ ಬಿಚ್ಚಿ (ಅದರ ಟಾರ್ಕ್ 217 ಫೂಟ್ ಪೌಂಡ್, ಉದ್ದ ಪೈಪ್ ಇಲ್ದೆ ಅಲ್ಲಾಡಲ್ಲ), ಡ್ರಮ್, ಬ್ಯಾಕ್ ಪ್ಲೇಟ್, ಆಮೇಲೆ ಟ್ಯೂಬ್ ತುದಿಗೆ ಒತ್ತಿ ಕೂರಿಸಿರೋ ಬೇರಿಂಗ್ ಹೌಸಿಂಗ್ ಎಲ್ಲಾ ತೆಗೀಬೇಕು. ಅಷ್ಟೆಲ್ಲಾ ಯಾಕೆ? ಸೀಳಿರೋ ಬೂಟ್ ಸಿಗತ್ತೆ, ಟ್ಯೂಬಿಗೆ ಸುತ್ತಿ ಸಣ್ಣ ಸ್ಕ್ರೂಗಳಿಂದ ಜೋಡಿಸೋದು. ಬೇರೆ ರಿಪೇರಿಗೆ ಹೌಸಿಂಗ್ ಬಿಚ್ಚೋದಿದ್ರೆ ಮಾತ್ರ ಒಂದೇ ತುಂಡಿನದು ಹಾಕಿ, ಇಲ್ದಿದ್ರೆ ಸೀಳು ಬೂಟೇ ಸಾಕು ಅಂತ ನನ್ನ ಅಭಿಪ್ರಾಯ. ತಗೊಳ್ಳುವಾಗ ಮಡಿಕೆ ಬಿಡಿಸಿ ಬಗ್ಗಿಸಿ ನೋಡಿ, ಸ್ಟಾಕಲ್ಲೇ ಕೂತು ಗಟ್ಟಿಯಾಗಿರೋ ರಬ್ಬರ್ ಬೇಡ. ಒಂದು ಕಡೆಯದು ಹೋಗಿದ್ರೆ ಇನ್ನೊಂದು ಕಡೆಯದಕ್ಕೂ ಅಷ್ಟೇ ವಯಸ್ಸು, ಎರಡನ್ನೂ ಹಾಕ್ಬಿಡಿ.

ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲೋ ಮರದ ತುಂಡೋ ಗಟ್ಟಿಯಾಗಿ ಕೊಡಿ. ಹ್ಯಾಂಡ್ ಬ್ರೇಕ್ ಹಿಡಿಯೋದು ಹಿಂದಿನ ಚಕ್ರಗಳನ್ನ, ಹಿಂಭಾಗ ಎತ್ತಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ. ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜಾಕ್ ನಂಬ್ಕೊಂಡು ಕೆಳಗೆ ತೂರಬೇಡಿ. ಗೇರ್ ಆಯಿಲ್ ಇಳಿಸೋಕೆ ಮುಂಚೆ ತುಂಬೋ ಪ್ಲಗ್ ಬಿಚ್ಚಕ್ಕೆ ಬರತ್ತಾ ನೋಡ್ಕೊಳ್ಳಿ, 17 ಎಂಎಂ ಆಲನ್ ಕೀ ಬೇಕು. ಕೆಳಗಿನದು ಬಿಚ್ಚಿ ಎಣ್ಣೆ ಎಲ್ಲಾ ಸುರಿದ ಮೇಲೆ ಮೇಲಿನದು ಜಾಮ್ ಆಗಿದೆ ಅಂತ ಗೊತ್ತಾದ್ರೆ ಗಾಡಿ ಅಲ್ಲೇ ಬಾಕಿ.

ಹಳೇ ಬೂಟನ್ನ ಮುಟ್ಟೋ ಮೊದಲೇ ಸುತ್ತಲಿನ ಕೊಳೆ ಕೆರೆದು ಒರೆಸಿ. ಒಳಗೆ ಬಿದ್ದ ಮರಳು ನೇರ ಡಿಫರೆನ್ಷಿಯಲ್‌ಗೇ ಹೋಗೋದು. ಆಮೇಲೆ ಕ್ಲಾಂಪ್ ಬಿಚ್ಚಿ, ಬೂಟನ್ನ ಚಾಕುವಿನಲ್ಲಿ ಕೊಯ್ದು ತೆಗೀರಿ, ಬೇಸಿನ್ ಇಡಿ, ಇನ್ನಷ್ಟು ಎಣ್ಣೆ ಬರತ್ತೆ. ಈಗ ಬೂಟ್ ಕೂರೋ ಎರಡು ಜಾಗ, ಅಂದ್ರೆ ಗೇರ್‌ಬಾಕ್ಸ್ ಕಡೆಯ ದೊಡ್ಡ ಬಾಯಿ ಕೂರೋದು ಮತ್ತೆ ಟ್ಯೂಬ್ ಮೇಲಿನದು, ಇವೆರಡನ್ನೂ ಬಟ್ಟೆಯಿಂದ ಒರೆಸಿ, ತುಕ್ಕಿದ್ರೆ ಸಣ್ಣ ಎಮರಿ ಪೇಪರ್‌ನಲ್ಲಿ ಉಜ್ಜಿ, ಬ್ರೇಕ್ ಕ್ಲೀನರ್ ಹಾಕಿ ಬೆರಳಾಡಿಸಿದ್ರೆ ಜಾರದ ಹಾಗೆ ಒಣಗಿಸಿ. ಕೆಲಸದ ಅರ್ಧ ಹೊತ್ತು ಇಲ್ಲೇ ಹೋಗತ್ತೆ, ಹೋಗ್ಲಿ. ಹೊಸ ಬೂಟ್ ಹಾಕಿದ ವಾರಕ್ಕೇ ಸೋರತ್ತೆ ಅಂತ ಬೈಯೋರು ಬಹಳಷ್ಟು ಜನ ಇದನ್ನೇ ಬಿಟ್ಟಿರ್ತಾರೆ.

ಹೊಸದನ್ನ ಸುತ್ತುವಾಗ ದೊಡ್ಡ ಬಾಯಿ ಗೇರ್‌ಬಾಕ್ಸ್ ಕಡೆಗೆ. ಸೀಳಿನ ಜೋಡಣೆ ಗಾಡಿಯ ಹಿಂದಕ್ಕೆ ಮುಖ ಮಾಡಿ ಅಡ್ಡಕ್ಕೆ ಇರ್ಬೇಕು, ಮೇಲಕ್ಕೂ ಬೇಡ ಕೆಳಕ್ಕೂ ಬೇಡ. ಟ್ಯೂಬ್ ಆಡೋದು ಮೇಲೆ ಕೆಳಗೆ, ಹಾಗಾಗಿ ರಬ್ಬರ್ ಜಾಸ್ತಿ ಹಿಗ್ಗಿ ಕುಗ್ಗೋದು ಆ ಎರಡು ಬದಿಯಲ್ಲೇ, ಜೋಡಣೆಗೆ ಅಲ್ಲಿ ಉಳಿಗಾಲ ಇಲ್ಲ. ಸೀಳಿನ ಎರಡು ಮುಖಕ್ಕೆ ತೆಳ್ಳಗೆ ಒಂದು ಪದರ ಸೀಲಂಟ್ ಸವರಿ ಸ್ಕ್ರೂ, ವಾಷರ್, ನಟ್ ಹಾಕಿ, ಎಲ್ಲವನ್ನೂ ಮೊದಲು ಕೈಯಲ್ಲೇ ಹಿಡಿಸಿ ಆಮೇಲೆ ನಡುವಿನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ರಬ್ಬರ್ ಪಕ್ಕಕ್ಕೆ ಉಬ್ಬೋಕೆ ಶುರುವಾದ್ರೆ ಜಾಸ್ತಿಯಾಯ್ತು ಅಂತ ಅರ್ಥ, ಅರ್ಧ ಸುತ್ತು ಸಡಿಲ ಮಾಡಿ.

ಕ್ಲಾಂಪ್ ಎರಡೂ ಹಾಕಿ, ಆದ್ರೆ ಪೂರ್ತಿ ಬಿಗಿ ಮಾಡ್ಬೇಡಿ. ಗಾಡಿ ಸ್ಟ್ಯಾಂಡ್ ಮೇಲಿದ್ದಾಗ ಚಕ್ರ ಕೆಳಗೆ ಜೋತು ಬಿದ್ದಿರತ್ತೆ, ಆ ಸ್ಥಿತಿಯಲ್ಲಿ ಬಿಗಿ ಮಾಡಿದ್ರೆ ಗಾಡಿ ನೆಲಕ್ಕೆ ಇಳಿದ ತಕ್ಷಣ ಬೂಟ್ ತಿರುಚಿಕೊಂಡು ಎಳೀತಾ ಇರತ್ತೆ, ಬೇಗ ಹರಿಯತ್ತೆ. ಚಕ್ರ ಹಾಕಿ, ಗಾಡಿ ಇಳಿಸಿ, ಹಿಂದೆ ಮುಂದೆ ಒಂದೆರಡು ಅಡಿ ತಳ್ಳಿ ಸಸ್ಪೆನ್ಷನ್ ತನ್ನ ಜಾಗಕ್ಕೆ ಬಂದ ಮೇಲೆ, ಮಡಿಕೆಗಳು ಸುತ್ತಲೂ ನೆಟ್ಟಗಿದೆಯಾ ನೋಡಿ ಆಗ ಕ್ಲಾಂಪ್ ಬಿಗಿ ಮಾಡಿ.

ಎಣ್ಣೆ ಜಿಎಲ್-4 ದರ್ಜೆಯದೇ ಇರ್ಲಿ, ಬೀಟಲ್‌ಗೆ ಸುಮಾರು 2.5 ಲೀಟರ್ ಹಿಡಿಯತ್ತೆ. ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ತುಂಬಿ, ಅರ್ಧಕ್ಕೇ ಹೊರಗೆ ಚೆಲ್ಲಿ ತುಂಬಿತು ಅಂತ ಮೋಸ ಮಾಡತ್ತೆ, ಟ್ಯೂಬ್‌ಗಳಿಗೆ ಇಳಿಯೋಕೆ ಟೈಮ್ ಬೇಕು. ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಿ, ಹಾಕಿದ ಎಣ್ಣೆ ಎಷ್ಟು ಅಂತ ಡಬ್ಬಿ ನೋಡಿ ಲೆಕ್ಕ ಇಡಿ, ಪ್ಲಗ್ ತೂತಿನ ಕೆಳ ಅಂಚಿನ ಮಟ್ಟಕ್ಕೆ ನಿಂತ್ರೆ ಸರಿ.

ಒಂದು ರೌಂಡ್ ಓಡಿಸ್ಕೊಂಡು ಬಂದು ಬೂಟ್ ಕೆಳಗೆ ಒಣ ಬಟ್ಟೆ ಆಡಿಸಿ. ಕೆಲವು ದಿನ ಬಿಟ್ಟು ಮತ್ತೊಮ್ಮೆ ನೋಡಿ, ರಬ್ಬರ್ ಕೂತ ಮೇಲೆ ಕ್ಲಾಂಪ್ ಸ್ವಲ್ಪ ಸಡಿಲ ಆಗಿರತ್ತೆ, ಕಾಲು ಸುತ್ತು ಸಾಕು. ಬೂಟ್ ಒಣಗಿದ್ದೂ ಎಣ್ಣೆ ಬರ್ತಾನೇ ಇದ್ರೆ ಬೂಟ್ ಹಿಂದೆ ಟ್ಯೂಬನ್ನ ಗೇರ್‌ಬಾಕ್ಸ್‌ಗೆ ಹಿಡಿದಿಡೋ ರಿಟೈನರ್‌ನ ನಟ್‌ಗಳ ಸುತ್ತ ಹುಡುಕಿ, ಅಲ್ಲಿನ ಗ್ಯಾಸ್ಕೆಟ್ ಹೋಗಿರ್ಬಹುದು. ಅದೂ ಅಲ್ಲ ಅಂದ್ರೆ ಗೇರ್‌ಬಾಕ್ಸ್‌ನ ಬ್ರೀದರ್ ತೂತು ಮಣ್ಣು ತುಂಬಿ ಮುಚ್ಚಿದೆಯಾ ನೋಡಿ, ಬಿಸಿಯಾದ ಗಾಳಿಗೆ ಹೋಗೋಕೆ ದಾರಿ ಇಲ್ದಿದ್ರೆ ಎಣ್ಣೆನ ಯಾವುದಾದ್ರೂ ಸಂದಿಯಿಂದ ಹೊರಗೆ ತಳ್ಳತ್ತೆ.